ತೆರಕಣಾಂಬಿ ರಸ್ತೆಯಲ್ಲಿ ನಾನು ಎಣಿಸದೆ ಬಿಟ್ಟ ಗಾಡಿಗಳು

೧೯೫೫ರ ಜನವರಿಯಲ್ಲಿ ನನ್ನನ್ನು ಚಾಮರಾಜನಗರದ ರಸ್ತೆ ಇಲಾಖೆಯ ಉಪವಿಭಾಗಕ್ಕೆ ಓವರ್‌ಸಿಯರ್ ಆಗಿ ಹಾಕಿದರು. ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಓವರ್‌ಸಿಯರ್ ಎಂದರೆ ಎಂಜಿನಿಯರಿಗೂ ಗ್ಯಾಂಗಿನ ಆಳುಗಳಿಗೂ ನಡುವೆ ಸೈಕಲ್ ತುಳಿಯುವ ಪ್ರಾಣಿ. ಮೇಲಿನವರ ಬೈಗುಳವನ್ನು ಕೆಳಕ್ಕೆ, ಕೆಳಗಿನವರ ಕಷ್ಟವನ್ನು ಮೇಲಕ್ಕೆ ಮುಟ್ಟಿಸುವುದು ಅವನ ಕೆಲಸ. ಮೊದಲನೆಯದನ್ನು ನಾನು ಬೇಗ ಕಲಿತೆ, ಎರಡನೆಯದಕ್ಕೆ ಸ್ವಲ್ಪ ಕಾಲ ಹಿಡಿಯಿತು.

ಈಗ ದಿನಪತ್ರಿಕೆ ತೆರೆದರೆ ‘ಕಾರಿಡಾರ್’ ಎಂಬ ಮಾತು ಕಾಣುತ್ತದೆ. ಎರಡು ದೇಶಗಳು ಸೇರಿ ಹೊಸ ಹೆದ್ದಾರಿಯನ್ನೋ ರೈಲು ದಾರಿಯನ್ನೋ ಹಾಕಿದರೆ ಪಕ್ಕದ ಮೂರನೆಯ ದೇಶಕ್ಕೆ ನಿದ್ದೆ ಬರುವುದಿಲ್ಲವಂತೆ. ತನ್ನ ಮೇಲೆ ಹಾದು ಹೋಗುತ್ತಿದ್ದ ಸರಕು ನಿಂತುಹೋದರೆ ತನ್ನ ಮಾತಿಗೂ ಬೆಲೆ ನಿಂತುಹೋಗುತ್ತದೆ ಎಂಬ ಭಯ. ಇಂಥದ್ದನ್ನು ಓದಿದಾಗಲೆಲ್ಲ ನನಗೆ ಗುಂಡ್ಲುಪೇಟೆ ನೆನಪಾಗುತ್ತದೆ. ಆ ದೊಡ್ಡವರ ಆಟವನ್ನು ನಾನು ಇಪ್ಪತ್ತೆರಡು ಮೈಲಿಯ ಒಂದು ಜಲ್ಲಿ ರಸ್ತೆಯ ಮೇಲೆ ನೋಡಿದ್ದೇನೆ. ಅದರಲ್ಲಿ ನನ್ನದೂ ಒಂದು ಪಾತ್ರವಿತ್ತು, ಹೆಮ್ಮೆಪಡುವಂಥದ್ದಲ್ಲ.

ಆಗಿನ ನಕ್ಷೆಯನ್ನು ಇವತ್ತಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ರಾಜ್ಯಗಳ ಪುನರ್ವಿಂಗಡಣೆ ಇನ್ನೂ ಆಗಿರಲಿಲ್ಲ. ನಮ್ಮದು ಮೈಸೂರು ರಾಜ್ಯದ ದಕ್ಷಿಣದ ತುದಿ. ಗುಂಡ್ಲುಪೇಟೆಯಿಂದ ಒಂದು ಕಡೆ ಕಾಡು ದಾಟಿದರೆ ವೈನಾಡು, ಇನ್ನೊಂದು ಕಡೆ ದಾಟಿದರೆ ನೀಲಗಿರಿ. ಚಾಮರಾಜನಗರದಿಂದ ಪುಣಜನೂರಿನ ಕಾಡು ಹೊಕ್ಕು ಘಟ್ಟ ಇಳಿದರೆ ಸತ್ಯಮಂಗಲ. ಈ ಮೂರೂ ಆಗ ಮದ್ರಾಸ್ ರಾಜ್ಯದವು. ವೈನಾಡಿನ ಮೆಣಸು, ಶುಂಠಿ, ಕಾಫಿ ಎತ್ತಿನ ಗಾಡಿಗಳಲ್ಲಿ ಗುಂಡ್ಲುಪೇಟೆಗೆ ಬಂದು, ತೆರಕಣಾಂಬಿಯ ಮೇಲೆ ಚಾಮರಾಜನಗರ ಸೇರುತ್ತಿದ್ದವು. ಕೆಲವು ಅಲ್ಲಿ ರೈಲು ಹತ್ತುತ್ತಿದ್ದವು, ಕೆಲವು ಪುಣಜನೂರಿನ ದಾರಿಯಲ್ಲಿ ಸತ್ಯಮಂಗಲಕ್ಕೆ ಇಳಿಯುತ್ತಿದ್ದವು. ಹಿಂದಿರುಗುವಾಗ ಗಾಡಿಗಳು ಅಕ್ಕಿ, ಉಪ್ಪು, ಹಿಂಡಿ ಹೇರಿಕೊಂಡು ಬರುತ್ತಿದ್ದವು. ಒಟ್ಟಿನಲ್ಲಿ ನೆರೆಯವರ ಸರಕು ಅವರದೇ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಹೋಗಲು ನಮ್ಮ ಮಣ್ಣು ತುಳಿಯಬೇಕಾಗಿತ್ತು.

ಆ ವರ್ಷ ಒಂದು ಸುದ್ದಿ ಹಬ್ಬಿತು. ನೆರೆ ರಾಜ್ಯದವರು ತಮ್ಮ ಗಡಿಯೊಳಗೇ ನೀಲಗಿರಿಯ ಘಟ್ಟದ ರಸ್ತೆಯನ್ನು ಅಗಲ ಮಾಡಿ, ವೈನಾಡಿನ ಸರಕನ್ನು ನಮ್ಮನ್ನು ಮುಟ್ಟದೆ ನೇರ ಕೆಳಗಿನ ರೈಲಿಗೆ ಇಳಿಸುತ್ತಾರೆ ಎಂದು. ಅದು ನಿಜವೋ ಗಾಳಿಮಾತೋ ನನಗೆ ಇಂದಿಗೂ ಖಚಿತವಿಲ್ಲ. ಆದರೆ ನಮ್ಮ ಅಸಿಸ್ಟೆಂಟ್ ಎಂಜಿನಿಯರ್ ಶ್ರೀಕಂಠಯ್ಯನವರು ಅದನ್ನು ನಂಬಿದ್ದರು. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ, ನಶ್ಯ ಏರಿಸಿದ ಮೇಲೆ ಮಾತ್ರ ಮಾತು ಹೊರಡುವ ಮನುಷ್ಯ. ಒಂದು ದಿನ ನನ್ನನ್ನು ಕರೆದು ಗೋಡೆಯ ನಕ್ಷೆಯ ಮುಂದೆ ನಿಲ್ಲಿಸಿದರು.

“ನೋಡಯ್ಯ, ಅವರ ಮೆಣಸು ನಮ್ಮೂರ ಮೇಲೆ ಹಾಯೋವರೆಗೂ ಅವರಿಗೆ ನಮ್ಮ ಹಂಗು, ನಮಗೆ ಅವರ ಹಂಗು. ಅಕ್ಕಿ ಸಾಲದ ವರ್ಷ ನಾವು ಕೇಳಿದರೆ ಅವರು ಮುಖ ತಿರುಗಿಸೋ ಹಾಗಿಲ್ಲ. ನಮ್ಮನ್ನ ಬಿಟ್ಟು ಹೋಗೋ ದಾರಿ ಮಾಡ್ಕೊಂಡರೆ, ಆಮೇಲೆ ನಮ್ಮ ಮಾತು ಯಾರು ಕೇಳ್ತಾರೆ?”

ಅವರ ಯೋಜನೆ ಸರಳವಾಗಿತ್ತು. ನೆರೆಯವರ ರಸ್ತೆ ಆಗುವುದಕ್ಕೆ ಮುಂಚೆ ಗುಂಡ್ಲುಪೇಟೆ–ಚಾಮರಾಜನಗರ ರಸ್ತೆಗೆ ಟಾರು ಹಾಕಿಸಿಬಿಟ್ಟರೆ ಸರಕು ನಮ್ಮ ಕಡೆಯೇ ಉಳಿಯುತ್ತದೆ. ಆದರೆ ಮೇಲಿನವರು ಬರೀ ಮಾತಿಗೆ ಬಗ್ಗುವವರಲ್ಲ. ಟ್ರಾಫಿಕ್ ಸೆನ್ಸಸ್ ಬೇಕು. ಅಂದರೆ ರಸ್ತೆಯ ಪಕ್ಕ ಏಳು ದಿನ ಕುಳಿತು, ಹೋಗುವ ಬರುವ ಗಾಡಿ, ಲಾರಿ, ಬಸ್ಸುಗಳನ್ನು ಎಣಿಸಿ ಸರಾಸರಿ ತೆಗೆಯುವುದು. ದಿನಕ್ಕೆ ನೂರು ಗಾಡಿ ದಾಟಿದರೆ ರಸ್ತೆ ಯೋಜನೆಯ ಪಟ್ಟಿಯಲ್ಲಿ ಉಳಿಯುತ್ತದೆ, ಇಲ್ಲದಿದ್ದರೆ ಹೆಸರು ಹೊಡೆದುಹಾಕುತ್ತಾರೆ. ಪುಣಜನೂರಿನ ರಸ್ತೆಯಲ್ಲೂ ತೆರಕಣಾಂಬಿ ರಸ್ತೆಯಲ್ಲೂ ಎಣಿಸುವ ಕೆಲಸ ನನ್ನ ಪಾಲಿಗೆ ಬಂತು.

ಫೆಬ್ರವರಿ ಮೊದಲ ವಾರ ಪುಣಜನೂರಿನಲ್ಲಿ ಕುಳಿತೆವು. ನನ್ನ ಜೊತೆ ಉಡಿಗಾಲದ ಮಾದಯ್ಯ, ಗ್ಯಾಂಗಿನ ಮೇಸ್ತ್ರಿ, ಐವತ್ತು ದಾಟಿದವನು. ಅವನಿಗೂ ಅವನ ಆಳುಗಳಿಗೂ ಅಕ್ಷರ ಬರುತ್ತಿರಲಿಲ್ಲ. ಆದ್ದರಿಂದ ಎರಡು ಮಡಕೆ ಇಟ್ಟು, ಗಾಡಿ ಹೋದರೆ ಒಂದರಲ್ಲಿ ಹುಣಿಸೆ ಬೀಜ, ಲಾರಿ ಬಸ್ಸು ಹೋದರೆ ಇನ್ನೊಂದರಲ್ಲಿ ಹಾಕುತ್ತಿದ್ದರು. ಸಂಜೆ ನಾನು ಬೀಜ ಎಣಿಸಿ ಫಾರಂ ತುಂಬುತ್ತಿದ್ದೆ. ಆ ಕಾಡಿನಲ್ಲಿ ಆನೆಯ ಭಯ. ಗಾಡಿಯವರು ಬೆಳಿಗ್ಗೆ ಕಾಡಂಚಿನಲ್ಲಿ ಕಾದು, ಇಪ್ಪತ್ತು ಮೂವತ್ತು ಗಾಡಿ ಸೇರಿದ ಮೇಲೆ ಒಟ್ಟಿಗೆ ಒಳಹೊಗುತ್ತಿದ್ದರು. ಕತ್ತಲಾದರೆ ಒಂದು ಗಾಡಿಯೂ ಕದಲುತ್ತಿರಲಿಲ್ಲ. ಎರಡು ರಾತ್ರಿ ಆಳುಗಳನ್ನು ಕೂರಿಸಿ ನೋಡಿದೆ, ಮಡಕೆ ಖಾಲಿ. ಹಗಲು ಎಣಿಸಿದರೆ ಸಾಕು, ರಾತ್ರಿ ಲಾಟೀನಿನ ಸೀಮೆಎಣ್ಣೆ ದಂಡ ಎಂದು ತೀರ್ಮಾನಿಸಿದೆ. ದಿನಕ್ಕೆ ನೂರ ಹದಿನೆಂಟು ಗಾಡಿ ಬಂತು. ನಾನು ಬೀಗಿದೆ.

ಮುಂದಿನ ವಾರ ತೆರಕಣಾಂಬಿ ರಸ್ತೆ. ಪುಣಜನೂರಿನಲ್ಲಿ ಕಲಿತ ಪಾಠವನ್ನು ಇಲ್ಲಿಗೂ ಹೊತ್ತು ತಂದೆ. ಮಾದಯ್ಯನಿಗೆ, “ಹೊತ್ತು ಹುಟ್ಟಿದ ಮೇಲೆ ಕೂತ್ಕೋ, ಹೊತ್ತು ಮುಳುಗಿದ ಮೇಲೆ ಎದ್ದು ಬಾ” ಎಂದೆ. ಅವನು ನನ್ನ ಮುಖವನ್ನು ಒಂದು ಗಳಿಗೆ ನೋಡಿ, “ಆಯ್ತು ಬುದ್ಧಿ” ಎಂದ. ಆ ಒಂದು ಗಳಿಗೆಯನ್ನು ನಾನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಏಳು ದಿನದ ಸರಾಸರಿ ಹತ್ತೊಂಬತ್ತು ಗಾಡಿ. ಮಧ್ಯೆ ಒಂದು ದಿನ ಗುಂಡ್ಲುಪೇಟೆಗೆ ಹೋಗಿ ನೋಡಿದರೆ ಅಲ್ಲಿನ ಗಾಡಿ ನಿಲ್ಲುವ ಬಯಲಿನಲ್ಲಿ ಸಾಲು ಸಾಲು ಗಾಡಿಗಳು ನೊಗ ಇಳಿಸಿ ನಿಂತಿದ್ದವು. ಎತ್ತುಗಳು ಮೆಲುಕು ಹಾಕುತ್ತಿದ್ದವು, ಗಾಡಿಯವರು ಗಾಡಿಯ ಕೆಳಗೆ ಗೊರಕೆ ಹೊಡೆಯುತ್ತಿದ್ದರು. ಫಾರಂನ ಕೊನೆಯಲ್ಲಿ ಷರಾ ಬರೆಯಲು ಒಂದು ಜಾಗವಿರುತ್ತದೆ. ಅಲ್ಲಿ ನಾನು ದುಂಡಾದ ಅಕ್ಷರದಲ್ಲಿ ಬರೆದೆ: “ಈ ರಸ್ತೆಯಲ್ಲಿ ಸಂಚಾರ ನಗಣ್ಯ. ಗಾಡಿಗಳು ಹಗಲು ಹೊತ್ತಿನಲ್ಲಿ ಕೆಲಸವಿಲ್ಲದೆ ನಿಂತಿರುವುದು ಕಂಡುಬಂದಿದೆ.”

ಶುಕ್ರವಾರ ಶ್ರೀಕಂಠಯ್ಯನವರು ಅದನ್ನು ಓದಿ ನಶ್ಯದ ಡಬ್ಬಿ ತೆರೆದರು. ಅವರು ಬಯಸಿದ ಅಂಕಿ ಅದಾಗಿರಲಿಲ್ಲ. “ಅಂಕಿ ಬಡವಾಯ್ತು. ಷರಾ ಚೆನ್ನಾಗಿ ಬರೆದಿದ್ದೀಯ” ಎಂದರು. “ಸೋಮವಾರ ಮೈಸೂರಿಗೆ ಕಳಿಸೋಣ. ಎಣಿಸಿದವನು ನೀನು, ನಾನೇನು ಹೇಳಲಿ.”

ಶನಿವಾರ ಗುಂಡ್ಲುಪೇಟೆಯ ಬಳಿ ರಸ್ತೆಗೆ ನೀರು ಹೊಡೆಯುವ ನಮ್ಮ ಗಾಡಿಯ ಎತ್ತೊಂದು ಕುಂಟುತ್ತಿತ್ತು. ಅದನ್ನು ಹೊಡೆಸಿಕೊಂಡು ಗುಂಡ್ಲುಪೇಟೆಯ ಇಮಾಮ್ ಸಾಬರ ಹತ್ತಿರ ಹೋದೆ. ಎತ್ತಿಗೆ ಲಾಳ ಕಟ್ಟುವುದು ಅವರ ಮನೆತನದ ಕಸುಬು. ಗಾಡಿ ಬಯಲಿನ ಪಕ್ಕದಲ್ಲೇ ಅವರ ತಂದೆಯ ಕಾಲದ ಅಂಗಳ. ಎತ್ತನ್ನು ಹಗ್ಗ ಹಾಕಿ ಮೆಲ್ಲಗೆ ಕೆಡವಿ, ನಾಲ್ಕೂ ಕಾಲು ಕಟ್ಟಿ, ಗೊರಸು ಕೆತ್ತಿ, ಸೀಳಿದ ಗೊರಸಿನ ಎರಡು ಭಾಗಕ್ಕೂ ಬೇರೆ ಬೇರೆ ತಗಡು ಬಡಿಯುತ್ತಿದ್ದರು. ಒಂದು ಎತ್ತಿಗೆ ಎಂಟು ಲಾಳ. ಮನೆಯೊಳಗೆ ಉರ್ದು, ಅಂಗಳದಲ್ಲಿ ನಮ್ಮ ಸೀಮೆಯ ಕನ್ನಡ, ಎತ್ತಿನ ಜೊತೆ ಮಾತ್ರ ಯಾವ ಭಾಷೆಯೂ ಅಲ್ಲದ ಒಂದು ಗುನುಗು. ಆ ಗುನುಗಿಗೆ ಎಂಥ ಪುಂಡ ಎತ್ತೂ ಕಿವಿ ಇಳಿಬಿಡುತ್ತಿತ್ತು.

ಕೊನೆಯ ಮೊಳೆ ಬಡಿದು ಅವರು ಕೇಳಿದರು: “ಸಾಹೇಬ್ರೆ, ಒಂದ್ ಮಾತ್ ಕೇಳ್ತೀನಿ, ತಪ್ಪು ತಿಳ್ಕಬ್ಯಾಡಿ. ಈ ರಸ್ತೆ ಮಾಡೀರಾ, ಇಲ್ಲ ಬುಟ್ಬುಟ್ಟೀರಾ?”

ಅವರಿಗೆ ಅದು ಹರಟೆಯ ಪ್ರಶ್ನೆಯಾಗಿರಲಿಲ್ಲ. ಗಡಿಯಾಚೆ ನೀಲಗಿರಿಯ ಗೂಡಲೂರಿನಲ್ಲಿ ಅವರ ಭಾವಮೈದುನ ಲಾರಿ ರಿಪೇರಿಯ ಶೆಡ್ಡು ಹಾಕಿದ್ದ. ಘಟ್ಟದ ರಸ್ತೆ ದೊಡ್ಡದಾದರೆ ಗುಂಡ್ಲುಪೇಟೆಯಲ್ಲಿ ನೊಣ ಹೊಡೆಯಬೇಕಾಗುತ್ತದೆ, ಅಂಗಳ ಮಾರಿ ಬಂದುಬಿಡು, ಜೊತೆಗೆ ಕೆಲಸ ಮಾಡೋಣ ಎಂದು ಹೇಳಿ ಕಳಿಸಿದ್ದ. ರಂಜಾನ್ ತಿಂಗಳು ಶುರುವಾಗುವುದರೊಳಗೆ ಇವರು ಹೂಂ ಅಥವಾ ಊಹೂಂ ಎನ್ನಬೇಕಾಗಿತ್ತು. ನಾನು ಸರ್ಕಾರಿ ಗುಟ್ಟು ಬಲ್ಲವನ ಗತ್ತಿನಲ್ಲಿ, “ಹೋಗೋದೇ ವಾಸಿ ಸಾಬ್ರೆ. ಏಳು ದಿನ ಎಣಿಸಿದ್ದೀವಿ. ದಿನಕ್ಕೆ ಹತ್ತೊಂಬತ್ತೇ ಗಾಡಿ” ಎಂದೆ.

ಇಮಾಮ್ ಸಾಬರು ಸುತ್ತಿಗೆ ಕೆಳಗಿಟ್ಟರು. ಕೋಪ ಮಾಡಿಕೊಳ್ಳಲಿಲ್ಲ.

“ಅಂಗಾರೆ ನಾನೂ ನನ್ ತಮ್ಮನೂ ದಿನಾ ಯಾರೆತ್ತಿಗೆ ಲಾಳ ಕಟ್ತಾವಿ, ಅದ್ನೂ ವಸಿ ಯೋಳಿ ಸಾಹೇಬ್ರೆ.”

ಅವರು ಗೋಡೆಯ ಪಕ್ಕದ ಮಂಕರಿಯನ್ನು ತೋರಿಸಿದರು. ಸವೆದ ಲಾಳಗಳು ತುಂಬಿದ್ದವು. ಅಣ್ಣತಮ್ಮ ಸೇರಿ ದಿನಕ್ಕೆ ಹನ್ನೆರಡು ಎತ್ತಿಗೆ ಕಟ್ಟುತ್ತಿದ್ದರು. ದಾರಿ ನಡೆಯುವ ಎತ್ತಿಗೆ ಒಮ್ಮೆ ಕಟ್ಟಿದ ಲಾಳ ಒಂದು ತಿಂಗಳು ಬರುತ್ತದೆ. ಮನಸ್ಸಿನಲ್ಲೇ ಗುಣಿಸಿದೆ: ಮುನ್ನೂರ ಅರುವತ್ತು ಎತ್ತು, ನೂರ ಎಂಬತ್ತು ಗಾಡಿ. ಊರಿನಲ್ಲಿ ಲಾಳ ಕಟ್ಟುವವರು ಇನ್ನೂ ಇಬ್ಬರಿದ್ದರು. ಎಷ್ಟು ಜುಗ್ಗತನದಿಂದ ಭಾಗಿಸಿದರೂ ದಿನಕ್ಕೆ ಹತ್ತೊಂಬತ್ತು ಬರಲಿಲ್ಲ. ಆದರೂ ವಯಸ್ಸಿನ ಕೊಬ್ಬು. “ನಾವು ಕಣ್ಣಾರೆ ಎಣಿಸಿದ್ದೀವಿ ಸಾಬ್ರೆ” ಎಂದೆ.

“ಎಣ್ಸಿಲ್ಲ ಅನ್ನಾಕಿಲ್ಲ. ನಾಳೆ ಹೊತ್ತು ಹುಟ್ಟಾಕೆ ಮುಂಚೆ ಇಲ್ಗೆ ಬನ್ನಿ. ಟೀ ಕುಡ್ಕಂಡು ಓಗೀರಂತೆ.”

ಭಾನುವಾರ ಬೆಳಗಿನ ಮಬ್ಬಿನಲ್ಲಿ ನಾನು ಅವರ ಅಂಗಳದ ಕಟ್ಟೆಯ ಮೇಲೆ ಕುಳಿತೆ. ಚಾಮರಾಜನಗರದ ಕಡೆಯಿಂದ ಮೊದಲು ಗಂಟೆಯ ಸದ್ದು, ಆಮೇಲೆ ಗಾಡಿಗಳು. ಒಂದರ ಹಿಂದೆ ಒಂದು, ನೊಗದ ಕೆಳಗೆ ಲಾಟೀನು ಇನ್ನೂ ಉರಿಯುತ್ತಿತ್ತು. ಸೂರ್ಯ ಕಾಣುವ ಹೊತ್ತಿಗೆ ನಲವತ್ತೇಳು ಗಾಡಿ ಬಯಲು ಸೇರಿದ್ದವು. ಎತ್ತು ಬಿಚ್ಚುತ್ತಿದ್ದ ಒಬ್ಬ ಗಾಡಿಯವನನ್ನು, ರಾತ್ರಿಯೆಲ್ಲ ಏಕೆ ನಡೆಸಿಕೊಂಡು ಬಂದೆ ಎಂದು ಕೇಳಿದೆ. ಇಷ್ಟೂ ತಿಳಿಯದವನು ಯಾರಪ್ಪಾ ಎಂಬಂತೆ ನೋಡಿದ.

“ಕಾಡು ಅಗಲು, ಬಯಲು ಇರುಳು ಕಣ್ ಸಾಮಿ. ಕಾಡಲ್ಲಿ ಆನೆ ಕಾಟ, ಬಯಲಲ್ಲಿ ಬಿಸ್ಲು ಕಾಟ. ಉರಿಬಿಸ್ಲಲ್ಲಿ ಎತ್ ಹೂಡ್ದೋನು ಬದ್ಕಾನಾ?”

ಆ ಸೀಮೆಯ ಗಾಡಿಯವರ ಕಟ್ಟಳೆ ಅದು. ವೈನಾಡಿನ ಕಾಡನ್ನು ಹಗಲು ದಾಟಿ ಸಂಜೆಗೆ ಗುಂಡ್ಲುಪೇಟೆ, ತಂಪಿನಲ್ಲಿ ಹೊರಟು ಬಯಲನ್ನು ರಾತ್ರಿ ದಾಟಿ ಬೆಳಗಿಗೆ ಚಾಮರಾಜನಗರ. ಬರುವಾಗಲೂ ಹಾಗೆಯೇ. ನಾನು ತೆರಕಣಾಂಬಿಯಲ್ಲಿ ಮಡಕೆ ಇಟ್ಟು ಕುಳಿತಿದ್ದ ಹೊತ್ತಿನಲ್ಲಿ ಆ ರಸ್ತೆಯ ಎತ್ತುಗಳೆಲ್ಲ ರಾತ್ರಿಯ ದುಡಿಮೆ ಮುಗಿಸಿ ಮಲಗಿದ್ದವು. ಕೆಲಸವಿಲ್ಲದೆ ನಿಂತಿವೆ ಎಂದು ಬರೆದ ಪುಣ್ಯಾತ್ಮ ನಾನು.

ಸೈಕಲ್ ಹತ್ತಿ ಚಾಮರಾಜನಗರದ ಕಡೆ ಹೊರಟೆ. ದಾರಿಯಲ್ಲಿ ತೆರಕಣಾಂಬಿಯ ಗ್ಯಾಂಗಿನ ಗುಡಿಸಲಲ್ಲಿ ಮಾದಯ್ಯ ಸಿಕ್ಕ. ರಾತ್ರಿ ಗಾಡಿ ಓಡಾಡುವುದು ನಿನಗೆ ಗೊತ್ತಿರಲಿಲ್ಲವೇ ಎಂದು ಸಿಡುಕಿದೆ.

“ಗೊತ್ತಿಲ್ದೆ ಏನ್ ಬುದ್ಧಿ. ನಾನ್ ಉಟ್ಟಿದಾಗ್ನಿಂದ ನೋಡ್ತಾವ್ನಿ.”

“ಮತ್ತೆ ಹೇಳಲಿಲ್ಲ ಯಾಕೆ?”

“ನೀವು ಹೊತ್ತು ಉಟ್ಟಿದ ಮ್ಯಾಲೆ ಅಂದ್ರಿ. ಇರುಳು ಎಣ್ಸೋದು ಸರ್ಕಾರಕ್ಕೆ ಬ್ಯಾಡ್ವೇನೋ ಅಂದ್ಕಂಡೊ.”

ಅವನ ಮಾತಿನಲ್ಲಿ ಕೊಂಕಿರಲಿಲ್ಲ. ಗೊತ್ತಿದ್ದವನನ್ನು ಕೇಳದೆ ಅವನಿಗೆ ಅಪ್ಪಣೆ ಕೊಟ್ಟವನು ನಾನು. ಅದಕ್ಕೆ ಅವನನ್ನು ಬೈಯುವುದು ಹೇಗೆ?

ಮಧ್ಯಾಹ್ನದ ಊಟದ ಹೊತ್ತಿಗೆ ಶ್ರೀಕಂಠಯ್ಯನವರ ಮನೆಯ ಬಾಗಿಲು ತಟ್ಟಿದೆ. ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಅವರು ಬೈಯಲಿಲ್ಲ, ಅದೇ ಕಷ್ಟವಾಯಿತು. ನಶ್ಯದ ಡಬ್ಬಿಯನ್ನು ಎರಡು ಸಲ ತಟ್ಟಿ, “ನಿನ್ನ ಒಂದು ಷರಾಕ್ಕೆ ನಮ್ಮ ಎರಡು ತಾಲ್ಲೂಕು ನೆರೆಯವರ ಪಾಲಿಗೆ ಇಲ್ಲದ ಹಾಗೆ ಆಗ್ತಿತ್ತಲ್ಲಯ್ಯ” ಎಂದರು. ಮರುದಿನ ಹಳೆಯ ವರದಿಯನ್ನು ತಡೆಹಿಡಿದು, ಹೊಸದಾಗಿ ಏಳು ಹಗಲು ಏಳು ರಾತ್ರಿ ಎಣಿಸುವಂತೆ ಬರೆದುಕೊಟ್ಟರು. ನನ್ನ ಸರ್ವಿಸ್ ಪುಸ್ತಕದಲ್ಲಿ ಅಜಾಗ್ರತೆಗಾಗಿ ಒಂದು ಎಚ್ಚರಿಕೆಯ ಸಾಲೂ ಸೇರಿತು. ಅದು ನ್ಯಾಯವಾಗಿಯೇ ಇತ್ತು.

ಎರಡನೆಯ ಎಣಿಕೆಯಲ್ಲಿ ದಿನದ ಸರಾಸರಿ ನೂರ ನಲವತ್ತಮೂರು ಗಾಡಿ. ರಸ್ತೆ ಪಟ್ಟಿಯಲ್ಲಿ ಉಳಿಯಿತು. ನಾನೇ ಹೋಗಿ ಇಮಾಮ್ ಸಾಬರಿಗೆ ತಿಳಿಸಿದೆ. ಅವರು ಗೂಡಲೂರಿಗೆ ಊಹೂಂ ಎಂದು ಹೇಳಿ ಕಳಿಸಿದರು. ಭಾವಮೈದುನ ಮುನಿಸಿಕೊಂಡು ಬೇರೆ ಯಾರನ್ನೋ ಸೇರಿಸಿಕೊಂಡನಂತೆ. ಆ ಈದ್‌ಗೆ ಅವರ ಮನೆಯಿಂದ ನನಗೆ ಒಂದು ತಟ್ಟೆ ಶ್ಯಾವಿಗೆ ಪಾಯಸ ಬಂತು. ನನ್ನ ಲೆಕ್ಕ ಒಬ್ಬರ ಒಲೆ ಉಳಿಸಿತು ಎಂದು ಹಿಗ್ಗಿ ತಿಂದೆ.

ಮರುವರ್ಷ ನವೆಂಬರಿನಲ್ಲಿ ರಾಜ್ಯಗಳ ಗಡಿ ಬದಲಾಯಿತು. ವೈನಾಡು ಕೇರಳಕ್ಕೆ ಹೋಯಿತು, ನೀಲಗಿರಿ ಮದ್ರಾಸಿನಲ್ಲೇ ಉಳಿಯಿತು. ನೆರೆಮನೆ ಒಂದಿದ್ದದ್ದು ಎರಡಾದ ಮೇಲೆ ನಮ್ಮನ್ನು ಬಿಟ್ಟು ಹೋಗುವ ರಸ್ತೆಯ ಸುದ್ದಿ ತಾನಾಗಿ ತಣ್ಣಗಾಯಿತು. ಶ್ರೀಕಂಠಯ್ಯನವರು ವರ್ಗವಾಗಿ ಹೋದರು. ನಮ್ಮ ಟಾರಿನ ಕೆಲಸ ಮಾತ್ರ ನಡೆಯಿತು. ೧೯೫೮ರ ಕೊನೆಗೆ ಇಪ್ಪತ್ತೆರಡು ಮೈಲಿಯೂ ಕಪ್ಪಗೆ ಮಿರುಗತೊಡಗಿತು. ಉದ್ದಕ್ಕೂ ನಿಂತು ಹಾಕಿಸಿದವನು ನಾನೇ.

ಆ ನುಣುಪಿನ ಮೇಲೆ ಲಾರಿಗಳು ಬಂದವು. ಎತ್ತುಗಳು ಒಂದು ರಾತ್ರಿ ನಡೆಯುವ ದಾರಿಯನ್ನು ಲಾರಿ ಒಂದು ಗಂಟೆಯಲ್ಲಿ ಮುಗಿಸುತ್ತಿತ್ತು. ಜೊತೆಗೆ ಟಾರಿನ ಮೇಲೆ ಲಾಳದ ಕಾಲು ಜಾರುತ್ತಿತ್ತು. ಗಾಡಿಯವರು ಒಬ್ಬೊಬ್ಬರಾಗಿ ಎತ್ತು ಮಾರಿದರು. ಇದನ್ನು ನಾನು ಮೊದಲೇ ಊಹಿಸಬೇಕಿತ್ತು. ನೆರೆಯವರ ಹೊಸ ರಸ್ತೆ ನಮಗೆ ಏನು ಮಾಡೀತು ಎಂದು ನಕ್ಷೆಯ ಮುಂದೆ ನಿಂತು ಅಷ್ಟು ಯೋಚಿಸಿದ ನಾವು, ನಮ್ಮ ರಸ್ತೆ ನಮ್ಮ ಪಕ್ಕದಲ್ಲೇ ಕುಳಿತವನಿಗೆ ಏನು ಮಾಡೀತು ಎಂದು ಒಂದು ದಿನವೂ ಮಾತಾಡಿರಲಿಲ್ಲ.

೧೯೫೯ರ ಫೆಬ್ರವರಿಯಲ್ಲಿ ಮತ್ತೆ ಟ್ರಾಫಿಕ್ ಸೆನ್ಸಸ್ ಬಂತು. ಈ ಸಲ ಎಣಿಕೆಗೆ ಗುಂಡ್ಲುಪೇಟೆಯ ಅಂಚಿನಲ್ಲೇ ಕೂರಬೇಕಿತ್ತು, ರಾತ್ರಿಯೂ ಎಣಿಸಲು ನಂಬಿಕಸ್ಥರು ಬೇಕಿತ್ತು. ಇಮಾಮ್ ಸಾಬರನ್ನು ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಹುಲ್ಲು ಬೆಳೆದಿತ್ತು. ವಾರಕ್ಕೆ ನಾಲ್ಕೈದು ಎತ್ತು, ಅದೂ ಉಳುವ ಎತ್ತು. ತಮ್ಮ ಸಂತೆಮರಹಳ್ಳಿ ಸಂತೆಯಲ್ಲಿ ಪಾತ್ರೆ ಮಾರಲು ಹೋಗುತ್ತಿದ್ದ. ಬಂದ ಕೆಲಸ ಬಿಟ್ಟು ಮಳೆ ಬೆಳೆಯ ಮಾತಾಡಿದೆ. ಅವರೇ, “ಎಣ್ಸಾಕೆ ಜನ ಬೇಕಂತಲ್ಲ?” ಎಂದರು.

ಏಳು ದಿನವೂ ಮಡಕೆಗಳ ಮುಂದೆ ಅವರು ಕುಳಿತರು. ಕೊನೆಯ ದಿನ ಬೆಳಿಗ್ಗೆ ಹೋದಾಗ ಕಂಬಳಿ ಹೊದ್ದು ಹಿಂದಿನ ಹಗಲು ರಾತ್ರಿಯ ಬೀಜಗಳನ್ನು ಎರಡು ಗುಡ್ಡೆ ಮಾಡಿಟ್ಟಿದ್ದರು. ಲಾರಿ ಬಸ್ಸಿನ ಗುಡ್ಡೆಯಲ್ಲಿ ಎಂಬತ್ತೊಂದು. ಗಾಡಿಯ ಗುಡ್ಡೆಯಲ್ಲಿ ಒಂಬತ್ತು. ನಾನು ಪೆನ್ನು ಹಿಡಿದು ಕುಳಿತೆ, ಬರೆಯಲಾಗಲಿಲ್ಲ.

“ಸಾಬ್ರೆ, ಅವತ್ತು ನನ್ನ ತಪ್ಪು ಲೆಕ್ಕವೇ ನಿಂತಿದ್ದರೆ ನೀವು ಗೂಡಲೂರಿನಲ್ಲಿ ಚೆನ್ನಾಗಿರ್ತಿದ್ರಿ.”

ಅವರು ಗಾಡಿಯ ಗುಡ್ಡೆಯನ್ನು ನನ್ನ ಕಡೆ ಸರಿಸಿದರು.

“ಇರ್ತಿದ್ದೆನೋ ಏನೋ. ಅದುಕ್ಕೆ ಓಯ್ತಾ ಇರೋ ಗಾಡೀನ ಇಲ್ಲ ಅನ್ನಾಕಾದದಾ? ಈಗ್ಲೂ ಅಷ್ಟೆ. ಇಲ್ದಿರೋ ಗಾಡೀನ ಅದೆ ಅನ್ನಾಕಾಗಲ್ಲ. ಒಂದೂ ಬುಟ್ಟಿಲ್ಲ, ಎಲ್ಲಾನೂ ಎಣ್ಸಿವ್ನಿ. ಬರ್ಕಳಿ ಸಾಹೇಬ್ರೆ.”

ನಾನು ಒಂಬತ್ತು ಎಂದು ಬರೆದೆ. ಆಮೇಲೆ ಷರಾದ ಜಾಗದಲ್ಲಿ, ನಾಲ್ಕು ವರ್ಷದ ಹಿಂದಿನ ದುಂಡು ಅಕ್ಷರದಲ್ಲೇ ಬರೆದೆ: “ರಸ್ತೆ ಸುಧಾರಿಸಿದ ಕಾರಣ ಗಾಡಿಯವರೂ ಲಾಳ ಕಟ್ಟುವವರೂ ಕಸುಬು ಕಳೆದುಕೊಂಡಿದ್ದಾರೆ. ಇವರಿಗೆ ಬೇರೆ ದಾರಿ ಯೋಚಿಸುವುದು ಅಗತ್ಯ.”

ಮೂವತ್ತು ವರ್ಷದ ನೌಕರಿಯಲ್ಲಿ ಆಮೇಲೆ ಯಾರು ನನ್ನ ಮುಂದೆ ಅಂಕಿ ತಂದಿಟ್ಟರೂ, ಯಾವ ಹೊತ್ತಿನಲ್ಲಿ ಎಣಿಸಿದಿರಿ, ದಾರಿ ಬಲ್ಲವರನ್ನು ಕೇಳಿದಿರಾ ಎಂದು ಮೊದಲು ವಿಚಾರಿಸುತ್ತಿದ್ದೆ. ರಸ್ತೆಯ ನಕ್ಷೆ ತಂದರೆ, ಇದರಿಂದ ಯಾರ ಗಾಡಿ ನಿಲ್ಲುತ್ತದೆ ಎಂದು ಕೇಳುತ್ತಿದ್ದೆ. ಈ ಎರಡನೆಯ ಪ್ರಶ್ನೆಗೆ ನಮ್ಮ ಫಾರಂನಲ್ಲಿ ೧೯೫೯ರಲ್ಲೂ ಜಾಗವಿರಲಿಲ್ಲ, ನಾನು ನಿವೃತ್ತನಾಗುವಾಗಲೂ ಇರಲಿಲ್ಲ. ಅಂದು ನಾನು ಬರೆದ ಷರಾ ಮೈಸೂರಿನಿಂದ ವಾಪಸು ಬಂದಾಗ ಅದರ ಮೇಲೆ ಕೆಂಪು ಶಾಯಿಯ ಗೆರೆ ಎಳೆದಿತ್ತು. ‘ಸಂಬಂಧವಿಲ್ಲದ್ದು’ ಎಂದು ಪಕ್ಕದಲ್ಲಿ ಬರೆದಿತ್ತು. ನಾಲ್ಕು ವರ್ಷದ ಹಿಂದೆ, ಗಾಡಿಗಳು ಕೆಲಸವಿಲ್ಲದೆ ನಿಂತಿವೆ ಎಂದು ನಾನು ಬರೆದದ್ದನ್ನು ಮಾತ್ರ ಶ್ರೀಕಂಠಯ್ಯನವರು ಚೆನ್ನಾಗಿದೆ ಎಂದಿದ್ದರು.